ಸಿದ್ದಲಿಂಗಪ್ಪ ಮಾರಿದ ಮೋಟಾರು

ಬೆಳಿಗ್ಗೆ ಎಂಟೂವರೆಗೆ ಮೋಟಾರು ದಾಜಿಬಾನ ಪೇಟೆಯ ಮೂಲೆ ತಿರುಗಿ ‘ಪೋಂ’ ಎಂದಿತು. ಅಂಗಡಿಯ ಗಾದಿಯ ಮೇಲೆ ಕುಳಿತಿದ್ದ ಹತ್ತಿ ದಲಾಲ ಸಿದ್ದಲಿಂಗಪ್ಪನ ಕೈಯೊಳಗಿನ ಬಿಸಿ ಚಹಾ ಅವನ ಧೋತರದ ಮೇಲೆ ಬಿತ್ತು.

“ನೋಡ್ರಿ, ನೋಡ್ರಿ! ಬೇಕಂತನ ನನ್ನ ಅಂಗಡಿ ಮುಂದ ಬಾರಿಸತಾನ!” ಎಂದು ಅವನು ಧೋತರ ಝಾಡಿಸುತ್ತ ಎದ್ದು ನಿಂತ.

“ಅದು ತಿರುವು ಐತೆಪಾ,” ಎಂದ ಪಕ್ಕದ ವಿಭೂತಿ ಅಂಗಡಿಯ ಗುರುಸಿದ್ದಯ್ಯ. ಊರಿನ ಉಸಾಬರಿಯನ್ನೆಲ್ಲ ಹೊತ್ತುಕೊಂಡೇ ಹುಟ್ಟಿದ ಮನುಷ್ಯ ಆತ. “ತಿರುವಿನಾಗ ಎಲ್ಲಾರೂ ಬಾರಿಸತಾರ. ನೀನೂ ನಾಕ ವರ್ಷ ಅಲ್ಲೇ ಬಾರಿಸಿದಿ.”

“ಅಯ್ಯಾರ, ಆವಾಗ ಅದು ನನ್ನ ಮೋಟಾರ ಇತ್ತು!”

ಹೌದು, ಒಂದು ತಿಂಗಳ ಹಿಂದಿನವರೆಗೆ ಅದು ಅವನದೇ. ಹುಬ್ಬಳ್ಳಿಯಲ್ಲಿ ಯಾರ ಮನೆಯ ಮುಂದೆ ಮೋಟಾರು ಇದೆ ಎಂದು ಮಕ್ಕಳು ಕೂಡ ಹೇಳುತ್ತಿದ್ದ ಕಾಲ ಅದು. ಹತ್ತಿಗೆ ಒಳ್ಳೆ ಧಾರಣೆ ಬಂದ ವರ್ಷ ಅವನು ಅದನ್ನು ಮುಂಬಯಿಯಿಂದ ತರಿಸಿದ್ದ. ಆದರೆ ಆ ಮೋಟಾರಿಗೆ ಒಂದು ಕೆಟ್ಟ ಚಾಳಿ. ಮನೆಯಿಂದ ಚೆನ್ನಾಗಿಯೇ ಹೊರಡುವುದು, ಉಣಕಲ್ಲಿನ ಏರು ಬಂದೊಡನೆ ಎರಡು ಸಲ ಕೆಮ್ಮಿ ನಿಂತುಬಿಡುವುದು. ಧಾರವಾಡದ ಕೋರ್ಟಿಗೆ ಅವನು ಎಷ್ಟೋ ಸಲ ಎತ್ತು ಕಟ್ಟಿ ಎಳೆಸಿಕೊಂಡು ಹೋಗಿದ್ದ. ಡ್ರೈವರ್ ಹೊಳೆಯಪ್ಪ ಪ್ರತಿ ಸಲವೂ ನಳಿಗೆ ಬಿಚ್ಚಿ ನೋಡಿ, “ಪೆಟ್ರೋಲಿನಾಗ ನೀರ ಕೂಡೇತ್ರಿ,” ಎನ್ನುತ್ತಿದ್ದ.

ನೀರು ತಾನಾಗಿ ಹೇಗೆ ಕೂಡೀತು? ಸಿದ್ದಲಿಂಗಪ್ಪ ಪೆಟ್ರೋಲ್ ಮಾರುವವನ ಅಂಗಡಿಗೆ ಹೋಗಿ ಕೂಗಾಡಿದ. ಅಂಗಡಿ ಬದಲಿಸಿದ, ಅಲ್ಲಿಯೂ ಕೂಗಾಡಿದ. ಕೊನೆಗೆ, “ಪೆಟ್ರೋಲ್ ಮಾರಕೊಂಡ ನೀರ ತುಂಬಸೋ ಕಳ್ಳ ನೀನ!” ಎಂದು ನಾಲ್ಕು ಜನರೆದುರು ಹೊಳೆಯಪ್ಪನನ್ನೇ ಬೈದು ಓಡಿಸಿದ. ಅವನು ಹೋದ ಮೇಲೆ ಬೇರೆ ಊರಿನ ಡ್ರೈವರನನ್ನು ಕರೆಸಿದರೂ ಮೋಟಾರು ನಿಲ್ಲುವುದು ನಿಲ್ಲಲಿಲ್ಲ. ಒಬ್ಬ ದೊಡ್ಡ ಸಾವಕಾರನ ಮಗನ ಮದುವೆಯ ಮೆರವಣಿಗೆಯಲ್ಲಿ, ಬಾಸಿಂಗ ಕಟ್ಟಿಕೊಂಡ ಮದುಮಗನನ್ನು ಹೊತ್ತುಕೊಂಡೇ, ದುರ್ಗದ ಬೈಲಿನ ನಟ್ಟನಡುವೆ ನಿಂತಿತು. ಜನ ನಕ್ಕರು. ಮದುಮಗ ಇಳಿದು ಟಾಂಗಾ ಹತ್ತಿದ. ಸಿದ್ದಲಿಂಗಪ್ಪ ತಲೆ ಕೆಟ್ಟು, ಆ ಟಾಂಗಾದ ಮಾಲಕ ಕಮರುದ್ದೀನನಿಗೆ ಅಲ್ಲಿಯೇ, ನಿಂತ ಕಾಲ ಮೇಲೆ, ಬಂದಷ್ಟಕ್ಕೆ ಮೋಟಾರನ್ನು ಮಾರಿಬಿಟ್ಟ.

ಕಮರುದ್ದೀನ ಹೊಳೆಯಪ್ಪನನ್ನು ಕರೆದು ಕೂರಿಸಿಕೊಂಡ. ಆ ದಿನದಿಂದ ಈ ದಿನದವರೆಗೆ ಆ ಮೋಟಾರು ಒಮ್ಮೆಯೂ ನಿಂತಿಲ್ಲ. ದಿನಕ್ಕೆ ಎರಡು ಸಲ ಜನರನ್ನು ಹೇರಿಕೊಂಡು ಧಾರವಾಡಕ್ಕೆ ಹೋಗಿ ಬರುತ್ತದೆ. ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ!

ಪೇಟೆಯ ಜನ ನಗುತ್ತಿದ್ದರು, ಅದನ್ನಾದರೂ ಅವನು ತಡೆದುಕೊಂಡಾನು. ಮನೆಯ ಸಂಕಟ ಬೇರೆ. ಮೋಟಾರು ಮಾರಿದ ದಿನ ಬೆಳಿಗ್ಗೆಯಷ್ಟೇ ತಾಯಿ ಶಿವಲಿಂಗವ್ವ ಶಿರಗುಪ್ಪಿಗೆ ತಂಗಿಯ ಮನೆಗೆ ಹೋಗಿದ್ದಳು. ಬಂದು ನೋಡಿದರೆ ಕೊಟ್ಟಿಗೆ ಖಾಲಿ. “ನನ್ನ ಕೇಳದ ಮನೀ ಜೀವಾನ ಮಾರಿದಿ,” ಎಂದದ್ದೇ ಅವಳು ಮಗನೊಡನೆ ಆಡಿದ ಕೊನೆಯ ಮಾತು. ಅಂದಿನಿಂದ ಏನು ಹೇಳುವುದಿದ್ದರೂ ಪಡಸಾಲೆಯ ಕಂಬಕ್ಕೆ ಹೇಳುತ್ತಾಳೆ. “ಕಂಬಪ್ಪಾ, ಆತಗ ಹೇಳು, ರೊಟ್ಟಿ ಆರಾಕತ್ತಾವು.” ಊರಿಗೆಲ್ಲ ಗುಡುಗುವ ಸಿದ್ದಲಿಂಗಪ್ಪ ತಾಯಿಯ ಮುಂದೆ ಮಾತ್ರ ಚಿಕ್ಕ ಹುಡುಗ. ಅವಳು ಮುಖ ತಿರುಗಿಸಿಕೊಂಡು ಕೂತರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

“ಇನ್ನ ನಿನಗ ಹಾರ್ನಿನ ಕಾಟ ಇಲ್ಲ ಬಿಡು,” ಎಂದ ಗುರುಸಿದ್ದಯ್ಯ ತಣ್ಣಗೆ. “ನಾಳೆ ಬೆಳಗಾಂವಿಯಿಂದ ಯಾರೋ ಗುತ್ತಿಗೆದಾರ ಬರತಾನಂತ. ಅದನ್ನ ತೊಗೊಂಡ ಹೊಕ್ಕಾನಂತ.”

ಸಿದ್ದಲಿಂಗಪ್ಪನ ಕಿವಿ ಕೆಂಪಾದವು. ಬೆಳಗಾವಿಗೆ ಹೋದರೆ ಮುಗಿಯಿತು; ಸಾಯುವವರೆಗೆ ತಾಯಿ ಕಂಬದ ಜೊತೆಗೇ ಮಾತಾಡಿಕೊಂಡಿರುತ್ತಾಳೆ.

“ಹೊತ್ತ ಮುಳುಗೂದ್ರೊಳಗ ಅದು ನನ್ನ ಬಾಗಿಲ ಮುಂದ ಇರತೈತಿ!” ಎಂದು ಅವನು ರುಮಾಲು ಸುತ್ತಿಕೊಂಡ.

“ಮಧ್ಯಾಹ್ನಕ್ಕ ಅದ ಹೊಳ್ಳಿ ಬರತೈತೆಲ್ಲ, ಕಾಯಿ.”

“ನಾ ಕಾಯಂಗಿಲ್ರಿ!”

ಕಾಯುವ ಗುಣ ಇದ್ದಿದ್ದರೆ ಮೋಟಾರನ್ನೇ ಮಾರುತ್ತಿರಲಿಲ್ಲ. ಅವನು ಎದುರಿಗೆ ಬಂದ ಟಾಂಗಾ ಹತ್ತಿ ಧಾರವಾಡದ ದಾರಿ ಹಿಡಿದ. ಊರು ದಾಟಿದ ಮೇಲೆ ಬೇಸರಕ್ಕೆಂದು ಟಾಂಗಾದವನನ್ನು ಮಾತಾಡಿಸಿದಾಗ, ಟಾಂಗಾವೂ ಕಮರುದ್ದೀನನದೇ ಎಂದು ತಿಳಿಯಿತು. ಆ ಸಿಟ್ಟಿಗೆ ಅವನು ಕುದುರೆಯನ್ನೂ ಬೈದ. ಉಣಕಲ್ಲಿನ ಏರಿನಲ್ಲಿ ಕುದುರೆ ನಿಂತಿತು.

“ಇಳಿದ ನಡೀರಿ ಸಾವಕಾರ್ರ. ನಿಮ್ಮ ಭಾರಕ್ಕ ಅದರ ಕಾಲ ಜಾರತಾವು.”

ಸಿದ್ದಲಿಂಗಪ್ಪ ಇಳಿದು ನಡೆದ. ಬಿಸಿಲು ನೆತ್ತಿಗೇರುತ್ತಿತ್ತು. ಇನ್ನೇನು ಏರಿನ ತಲೆ ಮುಟ್ಟಬೇಕು, ಆಗ ಎದುರಿನಿಂದ ಬಂತು ನೋಡಿ ಅವನ ಮೋಟಾರು, ಧಾರವಾಡದ ಫೇರಿ ಮುಗಿಸಿಕೊಂಡು! ಒಳಗೆ ಒಂಬತ್ತು ಜನ, ಹೊರಗೆ ಪಾವಟಿಗೆಯ ಮೇಲೆ ಮೂವರು. ಕೆಮ್ಮಿಲ್ಲ, ದಮ್ಮಿಲ್ಲ. ಅವನ ಮೈಮೇಲೆ ಒಂದು ಬುಟ್ಟಿ ಧೂಳು ಸುರಿದು ಮುಂದೆ ಹೋಗಿ, ಮರ್ಯಾದೆಯಿಂದ ನಿಂತಿತು. ಕಿಟಕಿಯಿಂದ ಹೊಳೆಯಪ್ಪ ತಲೆ ಹೊರಗೆ ಹಾಕಿದ.

“ಧೂಳಾಗ ಯಾಕ ನಿಂತೀರಿ ಯಜಮಾನ್ರ? ಹತ್ರಿ.”

ಒಳಗೆ ಜಾಗ ಇರಲಿಲ್ಲ. ತನ್ನದೇ ಮೋಟಾರಿನ ಪಾವಟಿಗೆಯ ಮೇಲೆ, ಬಾಗಿಲು ಹಿಡಿದು ಜೋತುಕೊಂಡು, ಸಿದ್ದಲಿಂಗಪ್ಪ ಹೊರಟ. ತಾಯಿ ಕೂಡುತ್ತಿದ್ದ ಹಿಂದಿನ ಸೀಟಿನಲ್ಲಿ ಪೇರಲ ಮಾರುವ ನವಲೂರಿನ ಹೆಂಗಸೊಬ್ಬಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತಿದ್ದಳು. ಅವಳಿಗೆ ಇವನ ಗುರುತಿಲ್ಲ.

“ಬಂಗಾರದಂಥಾ ಮೋಟಾರ್ರಿ ಇದು,” ಎಂದಳು ಇವನ ಕಡೆ ನೋಡಿ. “ಹಿಂದಕ ಯಾವನೋ ಮೂರ್ಖ ದಲಾಲ ಇದನ್ನ ಮಾರಿದ್ನಂತ. ಅವಗ ಸಾಕಾಕ ಬರಲಿಲ್ಲಂತ.”

“ಯಾರ ಹೇಳಿದ್ರು ನಿನಗ?” ಎಂದು ಇವನು ಹಲ್ಲು ಕಡಿದ.

“ಎಲ್ಲಾರೂ ಹೇಳತಾರ್ರಿ. ಒಂದ ಪ್ಯಾರಲಕಾಯಿ ತಿನ್ರಿ, ಮಾರಿ ಯಾಕೋ ಬಾಡೇತಿ.”

ಹೊಳೆಯಪ್ಪ ಮುಂದೆ ನೋಡಿಕೊಂಡೇ ಮೋಟಾರು ನಡೆಸುತ್ತಿದ್ದ. ಸಿದ್ದಲಿಂಗಪ್ಪ ಅವನ ಕಿವಿಯ ಹತ್ತಿರ ಬಾಗಿ ಕೇಳಿದ: “ಏನ ಮಾಡತೀಯೋ ಇದಕ್ಕ? ಖರೇ ಹೇಳು.”

“ಏನೂ ಮಾಡಂಗಿಲ್ರಿ. ಪೆಟ್ರೋಲ್ ಹಾಕತೇನಿ, ಓಡತೈತಿ.”

“ನನ್ನ ಕಡೆ ಇದ್ದಾಗೂ ಪೆಟ್ರೋಲನ ಹಾಕತಿದ್ದೆಲ್ಲೋ!”

“ಅದನ್ನ ನಾನೂ ವಿಚಾರ ಮಾಡತೇನ್ರಿ,” ಎಂದ ಹೊಳೆಯಪ್ಪ. ಹುಬ್ಬಳ್ಳಿಯಲ್ಲಿ ಇಳಿಯುವಾಗ ಅವನು ಮೋಟಾರಿನ ಬಾಡಿಗೆಯನ್ನು ಮರೆಯದೆ ಕೇಳಿ ತೆಗೆದುಕೊಂಡ.

ಕಮರುದ್ದೀನ ತನ್ನ ಟಾಂಗಾಗಳ ಲಾಯದಲ್ಲಿ ಕುದುರೆಗೆ ಹುಲ್ಲು ಹಾಕಿಸುತ್ತಿದ್ದ. ಸುದ್ದಿ ಇವರಿಗಿಂತ ಮೊದಲೇ ಬಂದು ಮುಟ್ಟಿತ್ತು. ಗುರುಸಿದ್ದಯ್ಯ ಅಂಗಡಿ ಮುಚ್ಚಿ ಬಂದು ಒಂದು ಹುಲ್ಲಿನ ಹೊರೆಯ ಮೇಲೆ ಕೂತಿದ್ದ. ಅವನ ಹಿಂದೆ ಅರ್ಧ ಪೇಟೆ ನಿಂತಿತ್ತು.

“ನನ್ನ ಮೋಟಾರ ನನಗ ಕೊಡು,” ಎಂದ ಸಿದ್ದಲಿಂಗಪ್ಪ, ಸಾಲ ಕೊಟ್ಟವನ ಹಾಗೆ.

“ಬೆಳಗಾಂವಿಯವ್ರ ಕೂಡ ಮಾತಾಗೇತ್ರಿ ಸಾವಕಾರ್ರ.”

“ಮಾತ ಆಗೇತಿ, ಸೌದಾ ಆಗೇತೇನು?”

“ಸೌದಾ ಆಗಿಲ್ಲ ಬಿಡ್ರಿ.”

“ಹಂಗಾರ ಹಿಡಿ ಕೈ!”

ಪೇಟೆಯಲ್ಲಿ ಹತ್ತಿಯಾಗಲಿ ಕುದುರೆಯಾಗಲಿ, ದೊಡ್ಡ ವ್ಯಾಪಾರವನ್ನು ಯಾರೂ ಬಾಯಿಂದ ಮಾಡುವುದಿಲ್ಲ. ಇಬ್ಬರ ಕೈಯ ಮೇಲೆ ಒಂದು ಶಲ್ಯ ಹಾಕುತ್ತಾರೆ. ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು, ಬಿಟ್ಟು ಮತ್ತೆ ಹಿಡಿದರೆ ಅದರ ಮೇಲೆ ಮತ್ತಷ್ಟು. ಬಾಯಿ ಬಿಡುವಂತಿಲ್ಲ, ಮುಖದ ಮೇಲೆ ಏನೂ ತೋರಿಸುವಂತಿಲ್ಲ, ಒಮ್ಮೆ ಹಿಡಿದದ್ದನ್ನು ಇಲ್ಲವೆನ್ನುವಂತಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಸಿದ್ದಲಿಂಗಪ್ಪನಿಗೆ ಇದು ಉಸಿರಾಡಿದಷ್ಟು ಸಲೀಸು.

ಗುರುಸಿದ್ದಯ್ಯ ತನ್ನ ಶಲ್ಯವನ್ನೇ ಹೊದಿಸಿದ. ಕಮರುದ್ದೀನ ನಾಲ್ಕು ಬೆರಳು ಒತ್ತಿದ. ಸಿದ್ದಲಿಂಗಪ್ಪ ಮಾರಿದ ಬೆಲೆಯ ಎರಡು ಪಟ್ಟು! ತನ್ನ ಮೋಟಾರಿಗೆ ತನ್ನಿಂದಲೇ ಎರಡು ಪಟ್ಟು ಕೇಳುತ್ತಾನೆ! ‘ಲೇ ಲಫಂಗಾ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ಬಿಡುವಂತಿರಲಿಲ್ಲ. ಬಾಯಿಗೆ ಬರಬೇಕಾದ ಸಿಟ್ಟೆಲ್ಲ ಕೈಗೆ ಇಳಿಯಿತು. ಅವನು ಕಮರುದ್ದೀನನ ಇಡೀ ಹಸ್ತವನ್ನು ಹಿಡಿದು ಹಿಂಡಿದ. ಅಷ್ಟಕ್ಕೂ ಸಮಾಧಾನವಾಗದೆ ಬಿಟ್ಟು ಮತ್ತೊಮ್ಮೆ ಹಿಡಿದು ಹಿಂಡಿದ.

ಕಮರುದ್ದೀನನ ಕಣ್ಣು ಅಗಲವಾದವು. ನಾಲ್ಕು ಕೇಳಿದ್ದಕ್ಕೆ ಐದು, ಮೇಲೆ ಮತ್ತೆ ಐದು! ಅವನು ಶಲ್ಯವನ್ನು ಸರಕ್ಕನೆ ಎಳೆದು, “ಸೌದಾ ಆತ್ರಿ!” ಎಂದು ಕೂಗಿದ.

ಸಿದ್ದಲಿಂಗಪ್ಪನಿಗೆ ತಾನು ಏನು ಮಾಡಿದೆ ಎಂದು ಆಗ ತಿಳಿಯಿತು. ಇಲ್ಲ, ಅದು ಸಿಟ್ಟಿನಿಂದ ಹಿಂಡಿದ್ದು ಎನ್ನೋಣವೆಂದರೆ, ಕೈ ಹಿಡಿದು ಮಾತು ತಪ್ಪಿದ ದಲಾಲನ ಹತ್ತಿರ ನಾಳೆಯಿಂದ ಒಂದು ಹಿಡಿ ಹತ್ತಿಯೂ ಬರುವುದಿಲ್ಲ.

“ಎಷ್ಟಕ್ಕ ಆತಪಾ?” ಎಂದು ಗುರುಸಿದ್ದಯ್ಯ ಕಿವಿ ತಂದ.

“ಕೇಳಬ್ಯಾಡ್ರಿ,” ಎಂದು ಸಿದ್ದಲಿಂಗಪ್ಪ ಬುಸುಗುಟ್ಟಿದ. ಶಲ್ಯದ ಕೆಳಗಿನ ಬೆಲೆಯನ್ನು ಹೊರಗೆ ಹೇಳಬಾರದೆಂಬುದು ಪೇಟೆಯ ರೀತಿ, ನಾನೂ ಹೇಳುವುದಿಲ್ಲ. ಅವನ ಎರಡು ಉಂಗುರ ಮತ್ತು ಕೈಯ ಕಡಗ ಮಾತ್ರ ಆ ದಿನದಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ಮೋಟಾರು ಹತ್ತಬೇಕು ಎನ್ನುವಷ್ಟರಲ್ಲಿ ಹೊಳೆಯಪ್ಪ ಕೆಳಗಿಳಿದು ನಿಂತ. ಬೇರೆ ಯಾರಿಗೂ ಈ ಊರಿನಲ್ಲಿ ಆ ಮೋಟಾರು ನಡೆಸಲು ಬರುತ್ತಿರಲಿಲ್ಲ.

“ನಾ ಬರತೇನ್ರಿ ಯಜಮಾನ್ರ. ಆದ್ರ ಅವತ್ತ ಮಂದಿ ಮುಂದ ನನಗ ಕಳ್ಳ ಅಂದ್ರಿ. ಇವತ್ತ ಮಂದಿ ಮುಂದ ಅಲ್ಲ ಅನ್ರಿ.”

“ನೀ ಕಳ್ಳ ಅಲ್ಲ!” ಎಂದು ಸಿದ್ದಲಿಂಗಪ್ಪ ಬೈಗಳದ ದನಿಯಲ್ಲಿ ಒದರಿದ. ಲಾಯದ ಕುದುರೆಗಳು ಬೆದರಿ ಹಿಂದೆ ಸರಿದವು.

ಹೊತ್ತು ಮುಳುಗಲು ಇನ್ನೂ ಒಂದು ತಾಸು ಇರುವಾಗ ಮೋಟಾರು ಅವನ ಬಾಗಿಲ ಮುಂದೆ ಬಂದು ‘ಪೋಂ’ ಎಂದಿತು. ಓಣಿಯ ಕಟ್ಟೆಗಳೆಲ್ಲ ತುಂಬಿದವು. ಹೆಂಡತಿ ಬಾಳವ್ವ ಆರತಿಯ ತಟ್ಟೆ ಹಿಡಿದು ಬಂದಳು. ಅವಳ ಹಿಂದೆ ಕೋಲೂರಿಕೊಂಡು ಶಿವಲಿಂಗವ್ವ. ಮುದುಕಿ ಮೋಟಾರಿನ ಮೈ ಸವರಿದಳು, ಮಗನ ಹತ್ತಿರ ಬಂದಳು, ಧೂಳು ತುಂಬಿದ ಅವನ ಗಲ್ಲ ಹಿಡಿದಳು.

“ತಂದೆಲ್ಲೋ ತಮ್ಮಾ,” ಎಂದಳು.

ಒಂದು ತಿಂಗಳ ಮೇಲೆ ಕೇಳಿದ ಮಾತು. ಸಿದ್ದಲಿಂಗಪ್ಪನ ಕಣ್ಣು ತುಂಬಿ ಬಂತು. ಕಡಗ, ಉಂಗುರ, ಧೂಳು, ಪೇರಲಕಾಯಿ ಎಲ್ಲ ಮರೆತುಹೋಯಿತು.

“ಬಾಳವ್ವಾ, ದೇವರ ಮನ್ಯಾಂದು ದೊಡ್ಡ ತಂಬಿಗಿ ತಾ,” ಎಂದಳು ಶಿವಲಿಂಗವ್ವ. ತುಂಬಿದ ತಾಮ್ರದ ತಂಬಿಗೆ ಬಂತು. ಮುದುಕಿ ಅದನ್ನು ಹಣೆಗೆ ಮುಟ್ಟಿಸಿಕೊಂಡು ಮೋಟಾರಿನ ಹಿಂದೆ ಹೋದಳು. ಪೆಟ್ರೋಲ್ ಹಾಕುವ ಮುಚ್ಚಳವನ್ನು, ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ, ಒಂದೇ ತಿರುವಿಗೆ ತೆಗೆದಳು. ತಂಬಿಗೆ ಬಗ್ಗಿಸಿದಳು. ಒಳಗೆ ಗುಳುಗುಳು ಸದ್ದಾಯಿತು.

“ಯವ್ವಾ! ಏನದು?”

“ಪೂಜಿ ತೀರ್ಥೋ. ನೀವೆಲ್ಲಾ ದಿನಾ ತೊಗೊಂಡ ಬಾಯಿ ಒರಸಕೊಂಡ ಹೋಗತೀರಿ. ನಮಗ ದುಡಿಯೂ ಈ ಮೂಕ ಜೀವಕ್ಕ ಯಾರ ಕೊಡಬೇಕು? ಅದು ಬಂದಾಗಿಂದ ನಸಕಿನ್ಯಾಗ ಎದ್ದು ನಾನ ಹಾಕತಿದ್ದೆ. ಹೊಳೆಯಪ್ಪ ಉಣಸತಿದ್ದ ಬಾಯಿ ಇದ ಅಲ್ಲೇನು?” ಅವಳು ತಂಬಿಗೆಯ ಕೊನೆಯ ಹನಿಯನ್ನೂ ಕೊಡವಿದಳು. “ಪಾಪ, ಒಂದ ತಿಂಗಳಾತು, ಯಾರೂ ಹಾಕಿಲ್ಲ. ಅದಕ್ಕ ಇವತ್ತ ತುಂಬ ಹಾಕೇನಿ.”

ಹೊಳೆಯಪ್ಪ ಸಿದ್ದಲಿಂಗಪ್ಪನ ಮುಖ ನೋಡಿದ. ಸಿದ್ದಲಿಂಗಪ್ಪನ ಕತ್ತಿನ ನರ ಉಬ್ಬಿದವು, ಬಾಯಿ ತೆರೆಯಿತು. ತಾಯಿಯ ಕೈ ಮತ್ತೆ ಅವನ ಗಲ್ಲದ ಮೇಲೆ ಬಂತು.

“ನಿನ್ನ ಮ್ಯಾಲ ಭಾಳ ಸಿಟ್ಟ ಮಾಡಿದ್ನೋ. ಆತು, ಇನ್ನ ಸಿಟ್ಟಿಲ್ಲ. ನಡಿ, ಮಠಕ್ಕ ಹೋಗಿ ಬರೂಣು.”

ತೆರೆದ ಬಾಯಿಯನ್ನು ಅವನು ಮುಚ್ಚಿಕೊಂಡ. ಸಿಟ್ಟು ಬೇಕಾದಷ್ಟಿತ್ತು, ಬೈಯಲು ಮಾತ್ರ ಜಗತ್ತಿನಲ್ಲಿ ಒಬ್ಬರೂ ಸಿಗಲಿಲ್ಲ. ಶಿವಲಿಂಗವ್ವ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತಳು.

“ಯಜಮಾನ್ರ,” ಎಂದ ಹೊಳೆಯಪ್ಪ ಮೆಲ್ಲಗೆ, “ಧೋತರ ಎತ್ತಿ ಕಟ್ಟಿಕೊಳ್ರಿ.”

ಮೋಟಾರು ಓಣಿ ದಾಟಿತು. ಪೇಟೆಯ ತಿರುವಿನಲ್ಲಿ, ಗುರುಸಿದ್ದಯ್ಯನ ಅಂಗಡಿಯ ಎದುರಿಗೆ, ಎರಡು ಸಲ ಕೆಮ್ಮಿ ನಿಂತಿತು. ಸಿದ್ದಲಿಂಗಪ್ಪ ಯಾರ ಮುಖವನ್ನೂ ನೋಡದೆ ಇಳಿದು, ಹಿಂದೆ ಹೋಗಿ ಹೆಗಲು ಕೊಟ್ಟ.

“ಯಾಕ ನಿಂತಿತೋ ತಮ್ಮಾ?” ಎಂದು ಒಳಗಿನಿಂದ ತಾಯಿ ಕೇಳಿದಳು.

“ದಣದೈತವ್ವಾ,” ಎಂದ ಸಿದ್ದಲಿಂಗಪ್ಪ ಏದುಸಿರು ಬಿಡುತ್ತ.

“ಹೌದಲ್ಲ, ಆ ಕಮರುದ್ದೀನ ಭಾಳ ದುಡಿಸ್ಯಾನ. ನೀ ಚಿಂತಿ ಮಾಡಬ್ಯಾಡ. ನಾಳೆಯಿಂದ ದಿನಾ ಎರಡ ತಂಬಿಗಿ ಹಾಕತೇನಿ,” ಎಂದಳು ಶಿವಲಿಂಗವ್ವ.