ವಿಧಾನಸಭೆಗೆ ಹೋದ ಕಾಲುಸಂಕ

ವಿಧಾನಸಭೆಯಲ್ಲಿ ಶಾಸಕರು ಎದ್ದು ನಿಂತು ಪ್ರಶ್ನೆ ಕೇಳಿದರೆ ಮಂತ್ರಿಗಳು ಬೆವರುತ್ತಾರೆ ಅಂತ ಜನ ತಿಳಿದಿದ್ದಾರೆ. ಮಂತ್ರಿಗಳು ಯಾಕೆ ಬೆವರುತ್ತಾರೆ ಮಾರಾಯ್ರೆ, ಅವರಿಗೆ ಎ.ಸಿ. ಇರುತ್ತದೆ. ಬೆವರುವವಳು ನಾನು. ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರು ತಾಲೂಕಿನೊಳಗೇ ತಿರುಗಿ ತಿರುಗಿ ಗುಮಾಸ್ತಿಕೆ ಮಾಡಿದವಳು. ಯಾವ ಇಲಾಖೆ ಅಂತ ಕೇಳಬೇಡಿ, ನನಗೆ ಇನ್ನೂ ಪಿಂಚಣಿ ಆಗಬೇಕು.

ಶಾಸಕರ ಪ್ರಶ್ನೆ ಬೆಂಗಳೂರಿಂದ ಕಾರವಾರಕ್ಕೆ, ಕಾರವಾರದಿಂದ ತಾಲೂಕಿಗೆ, ಸಾಹೇಬರ ಮೇಜಿನಿಂದ ನನ್ನ ಮೇಜಿಗೆ ಇಳಿದು ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಲು ಜಾಗ ಇಲ್ಲ. ನಾನು ಬರೆದ ಉತ್ತರ ಅದೇ ದಾರಿಯಲ್ಲಿ ಮೇಲೆ ಹತ್ತಿ ಮಂತ್ರಿಗಳ ಬಾಯಿ ಸೇರುತ್ತದೆ. ಅಷ್ಟರಲ್ಲಿ ಅದಕ್ಕೆ ಎಂತ ಆಗಿರುತ್ತದೆ ಅಂತ ದೇವರಿಗೇ ಗೊತ್ತು. ಪ್ರತಿ ಅಧಿವೇಶನಕ್ಕೂ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ, ನಾನು ಹೌಹಾರುತ್ತಲೇ ಇರುತ್ತೇನೆ. ಅದರಲ್ಲೂ ಭಟ್ಕಳದ ಒಂದು ಕೇರಿಯ ಮಲ್ಲಿಗೆ ಅಕ್ಕ ಹಳ್ಳ ದಾಟಲು ಒಂದು ಸಂಕ ಬೇಕು ಅಂತ ಕೇಳಿದ ಸಂಗತಿ ಉಂಟಲ್ಲ, ಅದನ್ನು ನೆನೆದರೆ ಈಗಲೂ ನನ್ನ ಬಾಯಿ ಒಣಗುತ್ತದೆ. ಅಲ್ಲಿಗೆ ಬರುತ್ತೇನೆ. ಮೊದಲು ಕುಮಟೆಯದ್ದು.

೧. ಚುಕ್ಕೆ ಬಂದದೆ

ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕಾದದ್ದಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಅಂತ ಹೆಸರು. ಆಫೀಸಿನಲ್ಲಿ ನಾವು ಬರೀ ಚುಕ್ಕೆ ಅನ್ನುತ್ತೇವೆ. ಕುಮಟೆಯಲ್ಲಿದ್ದಾಗ ಒಂದು ದಿನ ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿದರು.

"ಅತ್ತೆ, ಇವತ್ತು ಬರೂದು ತಡ ಆಗ್ತದೆ. ಚುಕ್ಕೆ ಬಂದದೆ."

"ಅಯ್ಯೋ ದೇವರೆ! ಯಾವಾಗ ಬಂತು?"

"ಮಧ್ಯಾಹ್ನ ಊಟ ಮಾಡ್ವಾಗ."

"ಜಾಸ್ತಿ ಅದೆಯಾ?"

"ಹನ್ನೊಂದು ಅದೆ. ನಂಗೊಬ್ಬಳಿಗೇ ಅಲ್ಲ, ಸಾಹೇಬ್ರಿಗೂ ಬಂದದೆ. ಇಡೀ ಜಿಲ್ಲೆಗೇ ಬಂದದೆ."

"ಎಲ್ಲಿಂದ ಬಂತೆ ಇದು?"

"ಬೆಂಗಳೂರಿಂದ."

ಕೆಲಸದ ಗಡಿಬಿಡಿಯಲ್ಲಿ ಫೋನು ಇಟ್ಟೆ. ಸಂಜೆ ಮನೆಗೆ ಬಂದು ನೋಡುತ್ತೇನೆ, ಗೇಟಿಗೆ ಬೇವಿನಸೊಪ್ಪು ಕಟ್ಟಿದ್ದಾರೆ! ನನ್ನ ಚಾಪೆ, ದಿಂಬು, ನೀರಿನ ಚೊಂಬು ಹೊರ ಜಗಲಿಯಲ್ಲಿ ಸಾಲಾಗಿ ಕೂತಿವೆ. ಗಂಡ ಕಿಟಕಿಯ ಸರಳಿನ ಹಿಂದೆ ನಿಂತು ಮುಖ ಮಾತ್ರ ತೋರಿಸುತ್ತಿದ್ದಾರೆ. ಅತ್ತೆ ಅಮ್ಮನವರಿಗೆ ಎಳನೀರಿನ ಹರಕೆಯನ್ನೂ ಹೇಳಿಕೊಂಡು ಆಗಿತ್ತು. ನಾನು ತಲೆ ಮೇಲೆ ಕೈ ಹೊತ್ತು ಗೇಟಿನ ಹೊರಗೇ ನಿಂತು, ಶಾಸಕರು ಅಂದರೆ ಯಾರು, ಪ್ರಶ್ನೆ ಅಂದರೆ ಎಂತದು, ಚುಕ್ಕೆ ಯಾವುದು ಅಂತ ಅರ್ಧ ತಾಸು ವಿವರಿಸಿದೆ. ಅತ್ತೆ ಎಲ್ಲ ಕೇಳಿದರು. ಕೇಳಿ, ನಿಟ್ಟುಸಿರು ಬಿಟ್ಟು ಹೇಳಿದರು:

"ಅದೆಲ್ಲ ಆತು. ಆ ಮಂತ್ರಿ ಮನೆ ಗೇಟಿಗೆ ಯಾರಾದ್ರೂ ಬೇವಿನಸೊಪ್ಪು ಕಟ್ಟಿದ್ರಾ?"

೨. ಎಷ್ಟು ಬಂದರು?

ಇದು ಹೊನ್ನಾವರದ್ದು. ಬಂದರಿನ ರಸ್ತೆಗಳ ಬಗ್ಗೆ ಯಾರೋ ಶಾಸಕರು ಪ್ರಶ್ನೆ ಹಾಕಿದ್ದರಂತೆ. ಕಾಗದ ಬರುವ ಮೊದಲೇ ಜಿಲ್ಲೆಯಿಂದ ಫೋನು ಬಂತು. ಎತ್ತಿದ್ದು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಆ ಮನುಷ್ಯ ಹಿಂದಿನ ದಿನ ತಪಾಸಣೆಗೆ ಬಂದ ತಂಡಕ್ಕೆ ಊಟ ಹಾಕಿಸಿ ಸುಸ್ತಾಗಿದ್ದ.

"ನಿಮ್ಮ ತಾಲೂಕಲ್ಲಿ ಎಷ್ಟು ಬಂದರು? ಬೇಗ ಹೇಳಿ, ಮಂತ್ರಿಗಳು ಕಾಯ್ತಿದ್ದಾರೆ."

"ಬಂದರು ಹದಿನಾಲ್ಕು ಸಾರ್."

"ಹದಿನಾಲ್ಕಾ! ನಮ್ಮ ಹತ್ರ ಪಟ್ಟಿಯೇ ಇಲ್ವಲ್ಲ! ಎಲ್ಲ ಮೀನಿನವೇ?"

"ಇಲ್ಲ ಸಾರ್. ಎಂಟು ಮೀನು, ಆರು ಸಸ್ಯಾಹಾರಿ."

ನನಗೆ ಅರ್ಥವಾಗಿ ಫೋನು ಕಸಿದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಬರೆದುಕೊಳ್ಳುವ ಸದ್ದು ನಿಂತಿತ್ತು. ಆಮೇಲೆ ಬಹಳ ಮೆತ್ತಗೆ ಕೇಳಿದರು: "ಸಸ್ಯಾಹಾರಿ ಬಂದರಿನಲ್ಲಿ ಎಂತ ಇಳಿಸ್ತೀರಿ?"

೩. ಗಮನ ಅಂಬವರು

ಈಗ ಭಟ್ಕಳ. ಮಲ್ಲಿಗೆ ಅಕ್ಕನ ಮನೆ ಹಳ್ಳದ ಆಚೆ ದಂಡೆಯಲ್ಲಿ, ಬಸ್ಸು ನಿಲ್ಲುವುದು ಈಚೆ ದಂಡೆಯಲ್ಲಿ. ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಪೇಟೆ ಮುಟ್ಟಿಸಿದರೆ ಹೂವು. ಮುಟ್ಟದಿದ್ದರೆ ಕಸ. ನಡುವೆ ದಾಟಲು ಇದ್ದದ್ದು ಅಡಿಕೆ ಮರ ಸೀಳಿ ಹಾಕಿದ ಎರಡು ದಬ್ಬೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ತೇಲಿ ಹೋಗುತ್ತಿತ್ತು. ಅದಕ್ಕೇ ಅವಳು ಪ್ರತಿ ಸೋಮವಾರ ಒಂದು ಅರ್ಜಿ, ನನಗೊಂದು ಮೊಳ ಹೂವು ಹಿಡಿದು ಆಫೀಸಿಗೆ ಬರುತ್ತಿದ್ದಳು. ಹೂವು ಮುಡಿದುಕೊಳ್ಳುತ್ತಿದ್ದೆ. ಅರ್ಜಿ ಫೈಲಿಗೆ ಸೇರಿಸುತ್ತಿದ್ದೆ. ಹೇಳಲು ನಾಚಿಕೆ ಆಗುತ್ತದೆ, ಮಾಡಿದ್ದು ಅಷ್ಟೇ.

ಅಷ್ಟರಲ್ಲಿ ಚುಕ್ಕೆ ಬಂತು. (ಅ) ಸದರಿ ಕೇರಿಯ ಜನ ದಬ್ಬೆಯ ಮೇಲೆ ಹಳ್ಳ ದಾಟುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?

ಸಾಹೇಬರು ಕಣ್ಣು ಮುಚ್ಚಿ ಹೇಳಿದರು, "ಅ ಗೆ 'ಬಂದಿರುವುದಿಲ್ಲ' ಅಂತ ಬರೀರಿ. ಬಂದಿದೆ ಅಂದ್ರೆ ಎಂತ ಮಾಡಿದ್ರಿ ಅಂತ ಕೇಳ್ತಾರೆ. ಬರದೇ ಇದ್ರೆ ಆ ಗೆ 'ಉದ್ಭವಿಸುವುದಿಲ್ಲ'. ಮುಗೀತು."

ಬರೆದೆ. ತಲೆ ಎತ್ತಿದರೆ ಮಲ್ಲಿಗೆ ಅಕ್ಕ ನನ್ನ ಮೇಜಿನ ಮೇಲೆ ಬಗ್ಗಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಾಳೆ! ಸೋಮವಾರ ಅಂತ ನನಗೆ ನೆನಪೇ ಇರಲಿಲ್ಲ.

"ಗಮನಕ್ಕೆ ಬಂದಿಲ್ವಾ? ನಾ ಪ್ರತಿ ಸೋಮವಾರ ಬಂದಿದ್ದೆ ಅಕ್ಕೋರೆ. ಆ ಗಮನ ಅಂಬವ್ರು ಯಾವ ಕೋಣೆಲಿ ಕೂತ್ಕಣ್ತ್ರು ಹೇಳಿ, ಅವ್ರ ಹತ್ರನೇ ಹೋಗ್ತೆ."

"ಹಾಗಲ್ಲ ಅಕ್ಕ, ಇದು ಬರೆಯುವ ರೀತಿ ಅಷ್ಟೆ," ಅಂದೆ.

"ಮತ್ತೆ ಇದು? ನನ್ನ ಸಂಕ ಉದ್ಭವಿಸುವುದಿಲ್ಲ?" ಅವಳ ದನಿ ಏರಿತು. "ಉದ್ಭವ ಆಗೂಕೆ ಅದೆಂತ ಗಣಪತಿ ಮೂರ್ತಿಯಾ ಅಕ್ಕೋರೆ? ಮೇಸ್ತ್ರಿ ಕಟ್ಟಿದ್ದಾದ್ರೂ ನಂಗೆ ಆತು!"

೪. ಬಂದಿದೆ

ನಮ್ಮ ಉತ್ತರ ಕಾರವಾರದಿಂದ ಹಿಂದೆ ಬಂತು. ಪ್ರಶ್ನೆ ಕೇಳಿದ ಶಾಸಕರು ದಬ್ಬೆಯ ಫೋಟೋವನ್ನೂ ಲಗತ್ತಿಸಿದ್ದರಂತೆ, ನಾವು ಯಾರೂ ಪುಟ ಮಗುಚಿ ನೋಡಿರಲಿಲ್ಲ. ಸಾಹೇಬರೇ ಹೋಗಿ ಸ್ಥಳ ನೋಡಿ ಬರಬೇಕು ಅಂತ ಆದೇಶ ಆಯಿತು. ಜೂನ್ ತಿಂಗಳು, ಹಳ್ಳ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಸಾಹೇಬರು ಬೂಟು ಹಾಕಿಕೊಂಡೇ ದಬ್ಬೆ ಹತ್ತಿದರು.

ಆಚೆ ದಂಡೆಯಿಂದ ಮಲ್ಲಿಗೆ ಅಕ್ಕ ಕೂಗಿದಳು, "ಸಾಯ್ಬ್ರೆ, ಬೂಟು ತೆಗೀರಿ!"

"ನನಗೆ ಗೊತ್ತುಂಟು," ಅಂದರು ಸಾಹೇಬರು.

ನಾಲ್ಕನೇ ಹೆಜ್ಜೆಗೆ ಸಾಹೇಬರೇ ಇಲ್ಲ! ದಬ್ಬೆ ಉಂಟು, ಮೇಲೆ ಕೊಡೆ ಉಂಟು, ಮನುಷ್ಯ ಇಲ್ಲ. ನಾನು ಬೊಬ್ಬೆ ಹೊಡೆದೆ. ಅವಳು ಸೀರೆ ಎತ್ತಿ ಕಟ್ಟಿ, ಕಾಯಿ ಕೊಯ್ಯುವ ಉದ್ದದ ದೋಟಿ ಚಾಚಿ ಅವರನ್ನು ಎಳೆದು ದಂಡೆಗೆ ಹಾಕಿದಳು. ಸಾಹೇಬರು ಕುಳಿತು ಒಂದು ಬಾಯಿ ಹಳ್ಳದ ನೀರು ಉಗಿದರು. ಬೂಟು ಒಂದೇ ಇತ್ತು. ನನ್ನ ಕಡೆ ತಿರುಗಿ ಹೇಳಿದರು:

"ಬರ್ಕೊಳ್ಳಿ. ಗಮನಕ್ಕೆ ಬಂದಿದೆ."

೫. ಉಳಿದ ಮುಕ್ಕಾಲು

ಅಲ್ಲಿಂದ ಫೈಲು ಓಡಿತು. ಮುಂದಿನ ಬಜೆಟ್ ಅಧಿವೇಶನಕ್ಕೆ ಅದೇ ಪ್ರಶ್ನೆ ಮತ್ತೆ ಬಂತು. ನಾನು ಸ್ಪಷ್ಟವಾಗಿ ಬರೆದೆ: "ಕಾಲುಸಂಕ, ಅಂದಾಜುಪಟ್ಟಿ ಮುಗಿದಿದೆ." ಕಾಲುಸಂಕ ಅಂದರೆ ನಡೆದು ದಾಟುವ ಸಣ್ಣ ಸೇತುವೆ. ನಮ್ಮಲ್ಲಿ ಯಾರಿಗೆ ಕೇಳಿದರೂ ಹೇಳುತ್ತಾರೆ. ಬೆಂಗಳೂರಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅಲ್ಲಿ ಅದನ್ನು ಕೋಷ್ಟಕಕ್ಕೆ ಇಳಿಸಿದ ಪುಣ್ಯಾತ್ಮರು ಕಾಲನ್ನೂ ಸಂಕವನ್ನೂ ಬೇರೆ ಬೇರೆ ಮಾಡಿದರು. ಕಾಮಗಾರಿ: ಸಂಕ. ಪ್ರಮಾಣ: ¼. ಹಂತ: ಮುಗಿದಿದೆ.

ನಾವು ಸಾಹೇಬರ ಮೊಬೈಲಿನಲ್ಲಿ ಸದನದ ನೇರ ಪ್ರಸಾರ ನೋಡುತ್ತಿದ್ದೆವು. ಮಂತ್ರಿಗಳು ಗಂಭೀರವಾಗಿ ಓದಿದರು: "ಮಾನ್ಯ ಸಭಾಧ್ಯಕ್ಷರೇ, ಸದರಿ ಸಂಕ ಕಾಲು ಭಾಗ ಮುಗಿದಿರುತ್ತದೆ."

ನನ್ನ ಕೈಯಲ್ಲಿದ್ದ ಚಹಾ ಲೋಟ ಕೆಳಗೆ ಬಿತ್ತು.

ಬಯಲುಸೀಮೆಯ ಶಾಸಕರೊಬ್ಬರು ಎದ್ದೇ ಬಿಟ್ಟರು. "ಸಂಕ ಅಂದರೆ ಸೇತುವೆ ತಾನೇ? ಕಾಲು ಸೇತುವೆ ಮೇಲೆ ಜನ ಎಲ್ಲಿವರೆಗೆ ಹೋಗಬೇಕು? ಹೋದವರು ಅಲ್ಲೇ ನಿಂತು ಉಳಿದದ್ದು ಕಟ್ಟುವವರೆಗೆ ಕಾಯಬೇಕೇ?"

ಸದನವೆಲ್ಲ ನಗು. ಮಂತ್ರಿಗಳಿಗೆ ಸಿಟ್ಟು ಬಂತು. ಕಾಗದ ಕೆಳಗಿಟ್ಟು ಗುಡುಗಿದರು: "ಉಳಿದ ಮುಕ್ಕಾಲು ಭಾಗವನ್ನು ಮಳೆಗಾಲಕ್ಕೆ ಮುಂಚೆ ಮುಗಿಸುತ್ತೇವೆ! ಇದು ಸರ್ಕಾರದ ಭರವಸೆ!"

ಸದನದಲ್ಲಿ ಮಂತ್ರಿ ಭರವಸೆ ಅಂದರೆ ತಮಾಷೆ ಅಲ್ಲ. ಅದಕ್ಕೆ ಶಾಸಕರದ್ದೇ ಸಮಿತಿ ಉಂಟು, ಬಂದು ನೋಡುತ್ತಾರೆ. ಸುಳ್ಳು ಉತ್ತರ ಅಂತಾದರೆ ಸಾಹೇಬರೂ ನಾನೂ ಅಮಾನತು, ಸಂಕದ ಫೈಲು ಅಟ್ಟಕ್ಕೆ. ಸಾಹೇಬರು ಬಿಳಿಚಿ ಹೋಗಿ ಕೇಳಿದರು:

"ಮುಕ್ಕಾಲು ಹೇಗಾದ್ರೂ ಕಟ್ಟಬಹುದು. ಮುಗಿದು ಹೋದ ಕಾಲು ಎಲ್ಲಿಂದ ತರೂದು?"

೬. ಕಾಲು ಗಟ್ಟಿ ಅದೆ

ಸಮಿತಿ ಮುಂದಿನ ಬುಧವಾರ ಬರುತ್ತದೆ ಅಂತ ಪತ್ರ ಬಂತು. ಸೋಮವಾರದ ಹೂವು ಹಿಡಿದು ಬಂದ ಮಲ್ಲಿಗೆ ಅಕ್ಕನ ಎದುರು ನನಗೆ ಅಳುವೇ ಬಂತು. ಎಲ್ಲ ಹೇಳಿದೆ.

"ಅಷ್ಟೇಯಾ?" ಅಂದಳು. "ಮುಕ್ಕಾಲು ನೀವು ಹಾಕೂದಾದ್ರೆ ಕಾಲು ನಾವು ಹಾಕ್ತೆವು."

ಕೇರಿಯವರೆಲ್ಲ ಸೇರಿ ಮಂಗಳವಾರ ಒಂದೇ ದಿನದಲ್ಲಿ, ಬತ್ತಿದ ಹಳ್ಳಕ್ಕೆ ಇಳಿದು, ಆಚೆ ದಂಡೆಯಿಂದ ಚಿರೆಕಲ್ಲು ಕಟ್ಟಿ ಮೇಲೆ ಚಪ್ಪಡಿ ಹಾಸಿದರು. ಸರಿಯಾಗಿ ಕಾಲು ಭಾಗ. ಇಲಾಖೆಯವರು ಅಷ್ಟು ಬೇಗ ಹಗ್ಗ ಹಿಡಿದು ಅಳತೆ ಕೂಡ ಮಾಡುವುದಿಲ್ಲ. ಆದರೆ ಒಂದು ಹೆದರಿಕೆ ಉಳಿಯಿತು. ಮಲ್ಲಿಗೆ ಅಕ್ಕನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಯಾರಾದರೂ ಕೇಳಿದರೆ "ನಾವೇ ನಿನ್ನೆ ಕಟ್ಟಿದ್ದು" ಅಂತ ಹೇಳಿಯೇ ಬಿಡುತ್ತಾಳೆ. ಸುಳ್ಳು ಹೇಳು ಅಂತ ಅವಳಿಗೆ ಹೇಳುವ ಮುಖ ನಮಗಿರಲಿಲ್ಲ.

ಬುಧವಾರ ಸಮಿತಿ ಬಂತು. ಅಧ್ಯಕ್ಷರು ಘಟ್ಟದ ಮೇಲಿನವರು. ಚಪ್ಪಡಿಯ ಮೇಲೆ ನಿಂತಿದ್ದವಳು, ಬೇರೆ ಯಾರು, ಅವಳೇ. ಅಧ್ಯಕ್ಷರು ಕೈಕೋಲನ್ನು ಅವಳ ಪಾದದ ಹತ್ತಿರ ಚಪ್ಪಡಿಗೆ ಕುಟ್ಟಿ ಕೇಳಿದರು:

"ಈ ಕಾಲು ಮಾಡಿದ್ದು ಯಾರಮ್ಮ?"

ನಾನು ಸಾಹೇಬರ ತೋಳು ಹಿಡಿದುಕೊಂಡೆ. ಮಲ್ಲಿಗೆ ಅಕ್ಕ ಬಗ್ಗಿ ತನ್ನ ಕಾಲು ನೋಡಿಕೊಂಡಳು.

"ಯಾರು ಅಂದ್ರೆ? ದೇವರು ಮಾಡಿದ್ದು."

ಅಧ್ಯಕ್ಷರು ನಕ್ಕರು. "ಅದು ಸರಿ. ಗಟ್ಟಿ ಇದೆಯಾ?"

"ಈಗ ಗಟ್ಟಿ ಅದೆ. ಹೋದ ಮಳೆಗಾಲದಲ್ಲಿ ಮುರಿದಿತ್ತು."

ಸಾಹೇಬರು ಕಣ್ಣು ಮುಚ್ಚಿದರು.

"ಮುರಿದಿತ್ತಾ? ಎಷ್ಟು ಕಡೆ?"

"ಎರಡು ಕಡೆ. ಇದೇ ಹಳ್ಳದಲ್ಲಿ. ಮೇಲಿನ ಕೇರಿ ಅಣ್ಣ ಬಂದು, ಎಳೆದು ಕೂಡಿಸಿ, ಬಿದಿರು ಪಟ್ಟಿ ಕಟ್ಟಿದ. ಎರಡು ತಿಂಗಳು ಅಲ್ಲಾಡಿಸೂಕೆ ಬಿಡ್ಲಿಲ್ಲ."

"ಬಿದಿರು!" ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. "ಬರ್ಕೊಳ್ರೀ, ಸ್ಥಳೀಯ ತಂತ್ರಜ್ಞಾನ. ಭಾರ ತಡೆಯುತ್ತಾ ಅಮ್ಮ?"

"ತಲೆ ಮೇಲೆ ಬುಟ್ಟಿ ಹೊತ್ರೂ ತಡೀತದೆ. ಚಳಿಗೆ ಮಾತ್ರ ಸ್ವಲ್ಪ ಬಿಗೀತದೆ."

"ಚಳಿಗೆ ಎಲ್ಲಾ ಕಡೆ ಹಾಗೇ," ಅಂದು ಅಧ್ಯಕ್ಷರು ಸಮಾಧಾನದಿಂದ ಕಾರು ಹತ್ತಿದರು.

ನಾನು ಮಾತ್ರ ಅಲ್ಲೇ ಕಲ್ಲಿನ ಹಾಗೆ ನಿಂತಿದ್ದೆ. ಸಾಹೇಬರು ಹಳ್ಳಕ್ಕೆ ಬಿದ್ದ ಮೇಲೆ ಅದೇ ಮಳೆಗಾಲದಲ್ಲಿ ಎರಡು ತಿಂಗಳು ಸೋಮವಾರ ಅವಳು ಬಂದಿರಲಿಲ್ಲ. ಬೇಜಾರಾಗಿ ಬಿಟ್ಟುಬಿಟ್ಟಳು ಅಂತ ತಿಳಿದು, ಒಂದು ಅರ್ಜಿ ಕಡಿಮೆ ಆಯಿತು ಅಂತ ನಿರಾಳವಾಗಿದ್ದೆ. ಕಾಲು ಮುರಿದು ಮಲಗಿದ್ದಳು ಅಂತ ನನಗೆ ಗೊತ್ತಾದದ್ದು ಅವತ್ತು. ಥೂ, ನನ್ನ ಜನ್ಮಕ್ಕಿಷ್ಟು, ಅನಿಸಿತು.

ಸಮಿತಿಯ ವರದಿ ಬಂತು: "ಕಾಲು ಭಾಗವು ಕಳೆದ ಮಳೆಗಾಲದಲ್ಲಿ ಎರಡು ಕಡೆ ಮುರಿದಿದ್ದು, ಸ್ಥಳೀಯ ತಂತ್ರಜ್ಞಾನದಿಂದ ಕೂಡಿಸಿದ ನಂತರ ಗಟ್ಟಿಯಾಗಿರುತ್ತದೆ. ಉಳಿದ ಮುಕ್ಕಾಲು ಭಾಗವನ್ನು ವಿಳಂಬವಿಲ್ಲದೆ ಪೂರ್ಣಗೊಳಿಸತಕ್ಕದ್ದು."

ಪೂರ್ಣಗೊಂಡಿತು. ಮೊದಲ ಮಳೆ ಬಿದ್ದ ಬೆಳಿಗ್ಗೆ ನಾನೇ ನೋಡಲು ಹೋದೆ. ಕೆಳಗೆ ಹಳ್ಳ ಬೊಬ್ಬಿಡುತ್ತಿತ್ತು. ಮೇಲೆ ಮಲ್ಲಿಗೆ ಅಕ್ಕ ತಲೆ ಮೇಲೆ ಬುಟ್ಟಿ ಇಟ್ಟುಕೊಂಡು, ಒಂದು ಕೈಯಲ್ಲೂ ಹಿಡಿಯದೆ ಬೀಸು ನಡಿಗೆಯಲ್ಲಿ ದಾಟಿ ಬಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ವರದಿಯನ್ನು ಓದಿ ಹೇಳಿ, ನಡೆದದ್ದನ್ನೆಲ್ಲ ವಿವರಿಸಿದೆ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ನನ್ನ ಕಾಲು ಗಟ್ಟಿ ಅದೆ ಹೇಳಿ ಸರ್ಕಾರವೇ ಬರ್ಕೊಟ್ಟದೆಯಾ? ಅಕ್ಕೋರೆ, ಅದರದ್ದೊಂದು ನಕಲು ಕೊಡಿ. ಆಪರೇಶನ್ ಮಾಡ್ದೆ ಕೂಡೂದೇ ಇಲ್ಲ ಹೇಳಿದ್ನಲ್ಲ, ಆ ಡಾಕ್ಟ್ರಿಗೆ ತೋರಿಸ್ಬೇಕು!"