ಸಾಕ್ಷಿ ಹೇಳಿದ ವೈರಸ್ಸು

ತುಮಕೂರಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಕೊರೋನಾ ಕಾಲದಲ್ಲಿ ಜನರ ಮೂಗಿಗೆ ಕಡ್ಡಿ ಹಾಕೋದು, ಪಾಸಿಟಿವ್ ಬಂದವರನ್ನ ಯಾರ್ಯಾರ ಜೊತೆ ಸೇರಿದ್ರಿ ಅಂತ ವಿಚಾರಿಸೋದು, ಎರಡೂ ನನ್ನ ತಲೆಗೇ ಬಂದಿತ್ತು. ಎದೆ ಢವಢವ ಅನ್ನೋ ಹೊತ್ತಲ್ಲೇ ಯಾರಾದರೊಬ್ಬರು ಏನಾದರೂ ಅಂದುಬಿಡೋರು. ನಗೋ ಹಾಗೂ ಇರಲಿಲ್ಲ. ಪಿಪಿಇ ಕಿಟ್ಟಿನೊಳಗೆ ನಕ್ಕರೆ ಕನ್ನಡಕಕ್ಕೆ ಮಂಜು ಹಿಡೀತಿತ್ತು.

ಕಾಪಿ

ಸದಾಶಿವನಗರದಲ್ಲಿ ನಮ್ಮ ಎದುರು ಮನೆಯವರು ರಿಟೈರ್ಡ್ ಮೇಷ್ಟ್ರು. ಈಗ ಚೆನ್ನಾಗಿದ್ದಾರೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಒಂದು ಸಲ ಕೊರೋನಾ ಬಂದು ವಾಸಿಯಾಗಿತ್ತು, ಇನ್ನು ನನ್ನ ತಂಟೆಗೆ ಬರಲ್ಲ ಅಂತ ಮಾಸ್ಕ್ ಬಿಟ್ಟು ಓಡಾಡ್ತಿದ್ದರು. ಮತ್ತೆ ಬಂತು. ಆಂಬುಲೆನ್ಸಿಗೆ ಕಾಯ್ತಾ ಗೇಟಿನ ಹತ್ರ ಕೂತಿದ್ವಿ, ಬೆರಳಿಗೆ ಹಾಕಿದ್ದ ಮೀಟರಿನಲ್ಲಿ ಆಕ್ಸಿಜನ್ ಇಳೀತಾನೇ ಇತ್ತು. ಬಂದು ಹೋಗಿದ್ದು ಮತ್ತೆ ಹೇಗೆ ಬಂತು ಅಂತ ಕೇಳಿದರು. ಅವರ ಗಮನ ಬೇರೆ ಕಡೆ ಇರಲಿ ಅಂತ ನಾನು ಹೇಳ್ತಾ ಹೋದೆ. ವೈರಸ್ಸು ಮೈಯೊಳಗೆ ತನ್ನನ್ನೇ ಕಾಪಿ ಮಾಡ್ಕೊಳ್ಳುತ್ತೆ, ಆಗ ಅಲ್ಲಲ್ಲಿ ತಪ್ಪಾಗುತ್ತೆ, ಬಹಳಷ್ಟು ತಪ್ಪಿನಿಂದ ಅದಕ್ಕೆ ಲಾಭವಿಲ್ಲ, ಯಾವುದೋ ಒಂದು ತಪ್ಪಿನಿಂದ ಮಾತ್ರ ನಮ್ಮ ಮೈಗೆ ಅದರ ಗುರುತೇ ಸಿಗದ ಹಾಗಾಗುತ್ತೆ ಅಂದೆ.

ಮೇಷ್ಟ್ರು ಏದುಸಿರಲ್ಲೇ ಯೋಚಿಸಿ, "ನನ್ನ ಕ್ಲಾಸಲ್ಲಿ ಕಾಪಿ ಹೊಡೆದು ತಪ್ಪು ಬರೆದೋರೆಲ್ಲ ಫೇಲಾದ್ರು ಕಣಮ್ಮ. ಇದು ತಪ್ಪು ಬರೆದೇ ಪಾಸಾಯ್ತಲ್ಲ" ಅಂದರು.

ಬಾಳುವೆ

ಕುಣಿಗಲ್ಲಿನ ಟೈಲರ್ ಒಬ್ಬರಿಗೆ ಹೆಂಡತಿಯೇ ಕಿಡ್ನಿ ಕೊಟ್ಟಿದ್ದರು. ಆ ಕಿಡ್ನಿ ಉಳಿಯಲಿ ಅಂತ ತಗೊಳ್ಳೋ ಮಾತ್ರೆಗಳಿಂದ ರೋಗ ತಡೆಯೋ ಶಕ್ತಿ ಕುಗ್ಗಿ, ಎರಡು ತಿಂಗಳಾದರೂ ವೈರಸ್ಸು ಅವರನ್ನ ಬಿಟ್ಟಿರಲಿಲ್ಲ. ಮೊದಲ ಸ್ಯಾಂಪಲ್ಲನ್ನೂ ಈಗಿನದನ್ನೂ ಬೆಂಗಳೂರಿಗೆ ಕಳಿಸಿದ್ವಿ. ಇದು ಹೊಸದಾಗಿ ಅಂಟಿದ್ದಲ್ಲ, ಹಳೇದೇ ಒಳಗೆ ಉಳಿದು ಹಲವು ಕಡೆ ಬದಲಾಗಿದೆ ಅಂತ ರಿಪೋರ್ಟ್ ಬಂತು. ಹೀಗೆ ಬದಲಾದದ್ದು ಊರಿಗೆ ಹರಡಿದರೆ ಏನು ಗತಿ ಅಂತ ಡಾಕ್ಟರಿಗೂ ಭಯ. ನೆಗೆಟಿವ್ ಆಗೋವರೆಗೂ ಮನೆಗೆ ಕಳಿಸಲ್ಲ ಅಂತ ಹೆಂಡತಿಗೆ ಬಿಡಿಸಿ ಹೇಳಿದರು.

ಆಯಮ್ಮ ಗಾಜಿನಾಚೆ ಮಲಗಿದ್ದ ಗಂಡನನ್ನೇ ನೋಡ್ತಾ, "ಇವ್ರ ಜೊತೆ ಇರ್ಬೇಕು ಅಂದ್ರೆ ನಾವೇ ಬದಲಾಗ್ಬೇಕು ಸಾರ್. ಆ ವೈರಸ್ಸಿಗೆ ಎರಡೇ ತಿಂಗಳಲ್ಲಿ ಗೊತ್ತಾಗಿದೆ. ನಂಗೆ ಆರು ವರ್ಷ ಹಿಡೀತು" ಅಂದರು.

ಇನ್ನೊಂದು ತಿಂಗಳಿಗೆ ನೆಗೆಟಿವ್ ಬಂತು. ಅಂತೂ ಇವ್ರ ಜೊತೆ ಅದ್ರ ಕೈಲೂ ಏಗೋಕಾಗ್ಲಿಲ್ಲ ಅಂತ ಆಯಮ್ಮ ಕಣ್ಣೊರೆಸಿಕೊಂಡರು.

ಕೊಂಡಿ

ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿಗೂ ಅವರ ತಮ್ಮನಿಗೂ ಒಂದೇ ವಾರದಲ್ಲಿ ಪಾಸಿಟಿವ್ ಬಂತು. ನಡುಗೋಡೆ ವಿಷಯಕ್ಕೆ ಜಗಳವಾಗಿ ಎರಡು ಮನೆಗೂ ಹತ್ತು ವರ್ಷದಿಂದ ಮಾತಿಲ್ಲ. ಅವನ ಮುಖವನ್ನೇ ನೋಡಿಲ್ಲ ಅಂತ ಇಬ್ಬರೂ ಫೋನಿನಲ್ಲಿ ಹೇಳಿದರು. ಆದರೆ ಇಬ್ಬರ ವೈರಸ್ಸಿನಲ್ಲೂ ಒಂದೇ ಬದಲಾವಣೆ, ತಾಲ್ಲೂಕಿನ ಬೇರೆ ಯಾವ ಸ್ಯಾಂಪಲ್ಲಿನಲ್ಲೂ ಇಲ್ಲದ್ದು. ಹಾಗಾದರೆ ಮಧ್ಯೆ ಮೂರನೆಯವರು ಯಾರೋ ಇದ್ದಾರೆ, ಅವರು ಇನ್ನೆಷ್ಟು ಜನಕ್ಕೆ ಹಂಚ್ತಿದ್ದಾರೋ ಅಂತ ನಮಗೆಲ್ಲ ಆತಂಕ. ಹಾಲಿನವರು, ಕ್ಷೌರದವರು, ಮಂಡಿಯವರು, ಎಲ್ಲರ ಮೂಗಿಗೂ ಕಡ್ಡಿ ಹಾಕಿದೆ. ಎಲ್ಲರೂ ನೆಗೆಟಿವ್.

ಅಷ್ಟರಲ್ಲಿ ಅಣ್ಣನಿಗೆ ಉಸಿರಾಟ ಕಷ್ಟವಾಗಿ ಆಕ್ಸಿಜನ್ ಹಾಕಿದರು. ಅವರು ಹೆದರಿಹೋಗಿ ನನ್ನನ್ನ ಹತ್ರ ಕರೆದು, ಸಂತೆ ದಿನ ಗೋಡೌನಿನಲ್ಲಿ ತಮ್ಮನ ಜೊತೆ ಚೌಕಾಬಾರ ಆಡ್ತೀನಿ ಅಂತ ಒಪ್ಪಿಕೊಂಡರು. "ಹೆಂಗಸ್ರಿಗೆ ಗೊತ್ತಾಗ್ಬಾರ್ದು ಮೇಡಂ. ಅವರವರಿಗೆ ಒಬ್ರನ್ನ ಕಂಡ್ರೆ ಒಬ್ರಿಗಾಗಲ್ಲ."

ಅವರು ಚೇತರಿಸಿಕೊಂಡು ಎದ್ದು ಕೂತ ದಿನ ನಾನು ತಮ್ಮನ ಮನೆಗೆ ಹೋದೆ. ತಮ್ಮನ ಹೆಂಡತಿಯ ಸ್ಯಾಂಪಲ್ ತಗೊಂಡು, ನೀವು ಯಾರ ಜೊತೆ ಸೇರಿದ್ರಿ ಅಂತ ಕೇಳಿದೆ. ಆಕೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ರಾಗಿ ಬೀಸಿಸೋ ನೆಪದಲ್ಲಿ ವಾರವಾರ ಆ ಮನೆ ಅಕ್ಕನೂ ನಾನೂ ಮಿಲ್ಲಲ್ಲಿ ಕೂತು ಮಾತಾಡ್ತೀವಿ ಮೇಡಂ. ಬರ್ಕೋಬೇಡಿ. ಈ ಗಂಡಸ್ರು ಇನ್ನೂ ಜಗಳ ಬಿಟ್ಟಿಲ್ಲ."