ಹೊಗೆ ಯಾರ ಮನೆಗೆ?

ಸರಕಾರ ನಮ್ಮ ದೊಡ್ಡಮ್ಮನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಎಷ್ಟೋ ಸಿಮೆಂಟು, ತಗಡು, ಭಾಷಣ ಉಳಿಯುತ್ತಿತ್ತು! ನಗಬೇಡಿ. ಎಂಬತ್ತರ ದಶಕದ ಮಂಗಳೂರಿನಲ್ಲಿ ಕಾಡು ಉಳಿಸುವ ಹುಮ್ಮಸ್ಸು ಎಲ್ಲರಿಗೂ ಇತ್ತು. ಆದರೆ ಸೌದೆ ಉಳಿಸುವ ಸಾಮಾನು ಮನೆಗೆ ಬಂದ ಕೂಡಲೇ ಸೊಂಟಕ್ಕೆ ಕೈಯಿಟ್ಟು, "ಅದೆಲ್ಲ ಸರಿ ಮಾರಾಯ್ರೆ, ಹೊಗೆ ಯಾರ ಮನೆಗೆ ಹೋಗ್ತದೆ?" ಎಂದು ಕೇಳುವ ಎದೆಗಾರಿಕೆ ಇದ್ದದ್ದು ಅವರೊಬ್ಬರಿಗೇ. ಕಾಲೇಜು ಕಲಿಯಲು ಅವರ ಮನೆಯಲ್ಲಿದ್ದ ನಾನು ಇದಕ್ಕೆಲ್ಲ ಸಾಕ್ಷಿ.

ದೊಡ್ಡಪ್ಪ ಇಂಥ ಸಾಮಾನುಗಳ ಪರಮ ಭಕ್ತರು. ಮೊದಲು ತಂದದ್ದು ಗೋಬರ್ ಗ್ಯಾಸ್. ಹಟ್ಟಿಯ ದನಗಳ ಸೆಗಣಿಯಿಂದ ಬಂದ ಗ್ಯಾಸು ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತಿತ್ತು. ಸಾಲದೆಂದು ಇನ್ನಷ್ಟು ದನ ಬಂದವು. ಅವುಗಳಿಗೆ ಮೇವು ಸಾಲದೆಂದು ವಾಮಂಜೂರಿನಿಂದ ಬೈಹುಲ್ಲಿನ ಲಾರಿ ಬಂತು. ಲಾರಿ ಏರು ಹತ್ತುವಾಗ ಬಿಟ್ಟ ಹೊಗೆಗೆ ಒಣಹಾಕಿದ ಬಿಳಿ ಪಂಚೆಗಳೆಲ್ಲ ಕಪ್ಪಾದವು! ದೊಡ್ಡಮ್ಮ ಒಂದನ್ನು ದೊಡ್ಡಪ್ಪನ ಮುಂದೆ ಹಿಡಿದು, "ಸೌದೆ ಉಳಿಯಿತಲ್ಲ, ಖುಷಿಯಾ?" ಎಂದರು.

"ನಿನಗೆ ಮೊಸರಲ್ಲಿ ಕಲ್ಲು ಹುಡುಕಿಯೇ ಅಭ್ಯಾಸ," ಎಂದು ಅವರು ಪೇಪರಿನ ಹಿಂದೆ ಮರೆಯಾದರು.

ಆಮೇಲೆ ಸೋಲಾರ್ ಕುಕ್ಕರ್. ಕನ್ನಡಿ ಮುಚ್ಚಳದ ಪೆಟ್ಟಿಗೆ. ನಮ್ಮ ಕುಚ್ಚಲಕ್ಕಿ ಬೇಯಿಸುವುದೆಂದರೆ ಸೂರ್ಯನಿಗಾದರೂ ಹುಡುಗಾಟವೇ? ಬೆಳಗ್ಗೆ ಅಂಗಳದಲ್ಲಿಟ್ಟದ್ದು ಮಧ್ಯಾಹ್ನವೂ ಕಟಕಟ ಎನ್ನುತ್ತಿತ್ತು. ಕೊನೆಗೆ ಅದನ್ನೇ ಒಲೆಗೇರಿಸಿ, ಹಸಿದವರ ಸಿಟ್ಟಿಗೆ ಹೆದರಿ ಇಮ್ಮಡಿ ಸೌದೆ ಉರಿಸಿದ್ದಾಯಿತು. ಮಳೆಗಾಲ ಹಿಡಿದ ಮೇಲೆ ಪೆಟ್ಟಿಗೆಯೊಳಗೆ ಹೇಂಟೆ ಕಾವಿಗೆ ಕೂತಿತು. "ಇದರಿಂದ ಉಪಕಾರ ಆದದ್ದು ಅದಕ್ಕೊಂದಕ್ಕೆ," ಎಂದು ದೊಡ್ಡಮ್ಮ ಸರ್ಟಿಫಿಕೇಟು ಕೊಟ್ಟರು.

ಹಾಗಂತ ಅವರಿಗೆ ಹೊಸತೆಂದರೆ ಆಗದು ಎಂದುಕೊಳ್ಳಬೇಡಿ. ಹೊಗೆರಹಿತ ಒಲೆ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅವರೇ. ವರ್ಷಗಟ್ಟಲೆ ಹೊಗೆ ತಿಂದು ಅವರ ಕಣ್ಣು ಸದಾ ಕೆಂಪು, ಸದಾ ನೀರು. ಹೀಗೇ ಬಿಟ್ಟರೆ ದೃಷ್ಟಿ ಉಳಿಯದೆಂದು ಡಾಕ್ಟರು ಹೆದರಿಸಿದ್ದರು. ಮಾಡಿನ ಹಂಚು ತೆಗೆದರೆ ಸೋರುತ್ತದೆಂದು ಗೋಡೆ ಕೊರೆದೇ ಕೊಳವೆ ಹೊರಗೆ ಹಾಕಿದರು. ಕಣ್ಣು ತಿಳಿಯಾಯಿತು. ದೊಡ್ಡಮ್ಮ ಹಾಡುತ್ತಾ ಅಕ್ಕಿ ಆರಿಸತೊಡಗಿದರು. ಸದ್ಯ, ಆ ಪ್ರಶ್ನೆ ತೀರಿತು ಎಂದು ನಾವು ನಿಟ್ಟುಸಿರು ಬಿಟ್ಟೆವು.

ಒಂದು ಸಂಜೆ ಪಕ್ಕದ ಮನೆಯಿಂದ ಕೆಮ್ಮು ಕೇಳಿತು. ಅಲ್ಲಿದ್ದವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಟೀಚರ್, ಒಂಟಿ ಜೀವ, ನಮಗೆಲ್ಲ ಬಾಯಮ್ಮ. ಅವರಿಗೆ ಉಬ್ಬಸ. ದೊಡ್ಡಮ್ಮ ಹೊರಗೆ ಹೋಗಿ ನೋಡಿದರೆ, ಕಡಲ ಗಾಳಿ ನಮ್ಮ ಹೊಗೆಯನ್ನು ನೇರ ಬಾಯಮ್ಮನ ಕಿಟಕಿಯೊಳಗೆ ತುರುಕುತ್ತಿತ್ತು!

"ಹೊಗೆಯ ಮನೆ ಸಿಕ್ಕಿತು," ಎಂದವರೇ ಹಂಚಿನ ತುಂಡೊಂದನ್ನು ಕೊಳವೆಯ ಬಾಯಿಗೆ ಒತ್ತಿಟ್ಟರು. ಹೊಗೆಯೆಲ್ಲ ಅಡುಗೆಕೋಣೆಗೆ ವಾಪಸು.

"ನಿನ್ನ ಕಣ್ಣು ಹೋದ್ರೆ ಎಂತ ಮಾಡುವುದು? ಕೊಳವೆ ಎತ್ತರ ಮಾಡಿಸುವ!" ದೊಡ್ಡಪ್ಪ ಕೂಗಿದರು.

"ಆಗ ಅವರ ಆಚೆಮನೆಗಾ?"

ಗದ್ದಲ ಕೇಳಿ ಬಾಯಮ್ಮ ಏದುಸಿರು ಬಿಡುತ್ತಾ ಬಂದರು. "ಎಂತ ಹುಚ್ಚು ನಿಮ್ಮದು! ತೆಗೀರಿ ಅದನ್ನು. ಕೆಮ್ಮು ನನಗೆ ಮೊದಲೇ ಉಂಟು."

"ಕಣ್ಣೀರು ನನಗೂ ಮೊದಲೇ ಉಂಟು, ಹೋಗಿ ಬಾಯಮ್ಮ!"

ಹೊಗೆ ತನಗಿರಲಿ ಎಂದು ಜಗಳಾಡಿದ ನೆರೆಹೊರೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕೊನೆಗೆ ದಾರಿ ತೋರಿಸಿದವರು ಬಾಯಮ್ಮನೇ. "ಬೆಳಗ್ಗೆ ಗಾಳಿ ಕಡಲಿನ ಕಡೆಗೆ ಹೋಗ್ತದೆ, ಆ ಬದಿಯಲ್ಲಿ ಮನೆ ಇಲ್ಲ. ಎರಡೂ ಹೊತ್ತಿನದ್ದು ಆಗಲೇ ಬೇಯಿಸಿ. ನನ್ನದೂ ಸೇರಿಸಿ, ಅಕ್ಕಿ ತರ್ತೇನೆ."

"ಮೀನುಗಳಿಗೆ ಕೆಮ್ಮು ಬಂದರೆ?" ಎಂದರು ದೊಡ್ಡಮ್ಮ. ಆದರೂ ಒಪ್ಪಿ, ಕೊಳವೆಯ ಬಾಯಿಂದ ಹಂಚಿನ ತುಂಡು ತೆಗೆದರು.

ಅಂದಿನಿಂದ ಎರಡು ಮನೆಗೆ ಒಂದೇ ಒಲೆ, ಸಂಜೆ ನಮ್ಮ ಜಗಲಿಯಲ್ಲಿ ಎಲ್ಲರಿಗೂ ತಣ್ಣಗಿನ ಗಂಜಿ. ಸೌದೆ ನಿಜವಾಗಿ ಉಳಿದದ್ದು ಆಗ! ಯಾವ ಯೋಜನೆಯಲ್ಲಿತ್ತು ಇದು? ನನಗಂತೂ ನನ್ನ ದೊಡ್ಡಮ್ಮನ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಕೊನೆಯವರೆಗೂ ದೊಡ್ಡಮ್ಮನ ಕಣ್ಣು ಚೆನ್ನಾಗಿತ್ತು. ಮತ್ತೆ ಹಾಗೆ ಕೆಂಪಾಗಿ ನೀರು ಸುರಿಸಿದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಬಾಯಮ್ಮ ತೀರಿಕೊಂಡ ದಿನ. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.